ಒಂಬತ್ತನೇ ನಂಬರಿನ ಅಂಗಿ

ನನ್ನ ಹತ್ತಿರ ಒಂಬತ್ತನೇ ನಂಬರಿನ ಏಳು ಅಂಗಿಗಳಿವೆ. ಏಳು ವರ್ಷ, ವರ್ಷಕ್ಕೊಂದು. ಎದೆಯ ಮೇಲೆ ಇಂಡಿಯಾ ಅಂತ, ಬೆನ್ನ ಮೇಲೆ ಒಂಬತ್ತು ಅಂತ. ಬೆಂಗೇರಿಯ ನಮ್ಮ ಮನೆಯ ಟ್ರಂಕಿನಲ್ಲಿ, ಅವ್ವನ ಇಳಕಲ್ಲ ಸೀರೆಗಳ ಕೆಳಗೆ ಮಡಚಿಟ್ಟಿದ್ದೇನೆ. ಎಂಟನೆಯದು ಯಾರಿಗೆ ಹೋಗಬೇಕಿತ್ತು, ಯಾಕೆ ಹೋಗಲಿಲ್ಲ ಅನ್ನುವುದನ್ನು ಬರೆಯಲು ಕೂತಿದ್ದೇನೆ. ಯಾರ ಮೇಲಾದರೂ ಗೂಬೆ ಕೂರಿಸುವ ಉದ್ದೇಶದಿಂದ ಅಲ್ಲ. ಕೂರಿಸಬೇಕೆಂದರೂ ನನ್ನ ಹೆಗಲು ಬಿಟ್ಟು ಬೇರೆ ಜಾಗವಿಲ್ಲ.

ರಗ್ಬಿ ಅಂದರೆ ನಮ್ಮ ಓಣಿಯಲ್ಲಿ ಮೊದಮೊದಲು ಹೊದೆಯುವ ರಗ್ಗು ಅಂದುಕೊಂಡವರಿದ್ದರು. ಆಮೇಲೆ ಮೊಬೈಲಿನಲ್ಲಿ ನೋಡಿ, ತೆಂಗಿನಕಾಯಿ ಹಿಡಿದುಕೊಂಡು ಹೊಡೆದಾಡುವ ಆಟ ಅಂದರು. ದೊಡ್ಡ ತಪ್ಪೇನಲ್ಲ. ಒಂದು ತಂಡಕ್ಕೆ ಹದಿನೈದು ಜನ. ಮುಂದಿನ ಎಂಟು ಜನ ಗಟ್ಟಿಮುಟ್ಟಾದವರು, ಎದುರಾಳಿಗಳನ್ನು ನೂಕಾಡಿ ಚೆಂಡು ಗೆಲ್ಲುವವರು. ಹಿಂದಿನ ಆರು ಜನ ಓಡುವವರು. ಈ ಎರಡು ಗುಂಪಿನ ನಡುವೆ ನಿಲ್ಲುವವಳು ಒಬ್ಬಳೇ, ಒಂಬತ್ತು. ನೂಕಾಟದ ಬುಡದಿಂದ ಚೆಂಡು ಹೊರಬಿದ್ದ ಕೂಡಲೇ ಅವಳು ಅದನ್ನು ಎತ್ತಿ ಹಿಂದಿನವರಿಗೆ ಎಸೆಯಬೇಕು. ಸ್ವಲ್ಪ ತಡಮಾಡಿದರೆ ಎದುರಿನವಳು ಮೈಮೇಲೆ ಬಿದ್ದಿರುತ್ತಾಳೆ. ಬೇರೆ ಜಾಗಗಳಿಗೆ ಒಬ್ಬಳು ಹೋದರೆ ಇನ್ನೊಬ್ಬಳು ಸಿಗುತ್ತಾಳೆ. ಒಂಬತ್ತು ಹಾಗೆ ಸಿಗುವುದಿಲ್ಲ, ವರ್ಷಗಟ್ಟಲೆ ತಿದ್ದಿ ತೀಡಬೇಕು. ಅದಕ್ಕೇ ದೇಶದ ಆಯ್ಕೆ ಸಮಿತಿ ಒಬ್ಬಳನ್ನು ಒಪ್ಪಿತೆಂದರೆ ನಾಲ್ಕೈದು ವರ್ಷ ಬದಲಿಸುವ ಗೋಜಿಗೆ ಹೋಗುವುದಿಲ್ಲ. ನನ್ನನ್ನು ಏಳು ವರ್ಷ ಇಟ್ಟುಕೊಂಡರು.

ನನಗೀಗ ಮೂವತ್ತಮೂರು. ದೇಶಪಾಂಡೆ ನಗರದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಬೆಳಿಗ್ಗೆ ಮಕ್ಕಳಿಂದ ಡ್ರಿಲ್ ಮಾಡಿಸುತ್ತೇನೆ, ಗದರುತ್ತೇನೆ, ಸಂಬಳ ತಗೊಳ್ಳುತ್ತೇನೆ. ಬಾಯಿ ಜೋರು ಎಂದು ಸ್ಟಾಫ್ ರೂಮಿನಲ್ಲಿ ಹೆಸರಿದೆ, ಅದನ್ನು ನಾನು ಅಲ್ಲಗಳೆದಿಲ್ಲ. ಈ ವರ್ಷ ಜನವರಿಯಲ್ಲಿ ನನ್ನ ಬಲಗಾಲಿನ ಮಂಡಿ ಊದಿಕೊಂಡಿತು. ಸತ್ತೂರಿನ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿದೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎಷ್ಟ ವರ್ಷ ಆಡೀರಿ?" ಎಂದರು.

"ಇಂಡಿಯಾಕ್ಕ ಏಳು ವರ್ಷರಿ. ಅದಕ್ಕಿಂತ ಮೊದಲಿಂದು ಲೆಕ್ಕಾ ಇಟ್ಟಿಲ್ಲ."

"ಸಾಕ ಮಾಡ್ರಿ. ಇನ್ನೊಮ್ಮೆ ತಿರುವಿತು ಅಂದ್ರ ಆಟದ ಮಾತು ಬಿಡ್ರಿ, ಮನ್ಯಾಗ ಮೆಟ್ಟಲಾ ಹತ್ತೂದು ಕಷ್ಟ ಆಕ್ಕೈತಿ."

ವಾಪಸ್ಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನವಲೂರು ದಾಟುವವರೆಗೂ ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾನು ಹೋದರೂ ಒಂಬತ್ತು ಎಲ್ಲಿಗೂ ಹೋಗುವುದಿಲ್ಲ, ಬೆಂಗೇರಿಯಲ್ಲೇ ಇರುತ್ತದೆ. ಸೃಷ್ಟಿ ಇದ್ದಾಳೆ.

ಸೃಷ್ಟಿ ನಮ್ಮ ಹಿಂದಿನ ಓಣಿಯ ಹುಡುಗಿ. ಅವಳ ಅಪ್ಪ ಗುರುಶಿದ್ದಪ್ಪ ಸರಕು ಸಾಗಿಸುವ ಮೂರು ಚಕ್ರದ ಟಂಟಂ ಓಡಿಸುತ್ತಾನೆ. ಅವ್ವ ಮನೆಯಲ್ಲಿ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾಳೆ. ಹದಿನೇಳನೇ ವಯಸ್ಸಿಗೆ ನನ್ನ ಬಳಿ ಬಂದಾಗಲೇ ಅವಳ ಮಣಿಕಟ್ಟು ನೋಡಿ ನಾನು ದಂಗಾಗಿದ್ದೆ. ದಿನಾ ಬೆಳಿಗ್ಗೆ ಐವತ್ತು ರೊಟ್ಟಿ ಬಡಿದು ಕಾಲೇಜಿಗೆ ಹೋಗುವ ಕೈ ಅದು. ಚೆಂಡು ಎಸೆದರೆ ಗುರಿ ಬಿಟ್ಟು ಅತ್ತಿತ್ತ ಹೋಗುತ್ತಿರಲಿಲ್ಲ. ಎಡಗೈ ಮಾತ್ರ ಸೋಮಾರಿಯಾಗಿತ್ತು. ಮೈದಾನದ ಪಕ್ಕದ ಗೋದಾಮಿನ ಗೋಡೆಯ ಮೇಲೆ ಸುಣ್ಣದಲ್ಲಿ ಒಂದು ವೃತ್ತ ಬರೆದು, ದಿನಕ್ಕೆ ಇನ್ನೂರು ಸಲ ಎಡಗೈಯಿಂದ ಎಸೆಯಿಸಿದೆ. ನಾಲ್ಕು ವರ್ಷದಲ್ಲಿ ಸುಣ್ಣ ಎಷ್ಟು ಸಲ ಅಳಿಸಿಹೋಯಿತೋ, ಎಷ್ಟು ಸಲ ಬರೆದೆನೋ ಗೊತ್ತಿಲ್ಲ. ಬಾಗುವ ರೀತಿ, ಕಾಲಿಡುವ ರೀತಿ, ತನಗಿಂತ ಎರಡು ಪಟ್ಟು ತೂಕದ ಎಂಟು ಜನರನ್ನು ಗದರಿಸಿ ನಡೆಸುವ ರೀತಿ, ಎಲ್ಲವನ್ನೂ ಬೈದು ಬೈದು ಕಲಿಸಿದೆ. ಒಂದು ತಪ್ಪನ್ನೂ ಹಾಗೇ ಬಿಟ್ಟವಳಲ್ಲ ನಾನು.

ಒಂದನ್ನು ಬಿಟ್ಟೆ. ಅದನ್ನು ಹೇಳಿಬಿಡುತ್ತೇನೆ.

ನಮ್ಮ ಕಡೆ ದೊಡ್ಡವರಿಗೆ ಕಾಲು ತಾಗಿದರೆ ಸುಮ್ಮನೆ ಹೋಗುವುದಿಲ್ಲ. ಬಾಗಿ ಅವರನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ನಡೆಯಲು ಕಲಿತಾಗಿನಿಂದ ಕಲಿಸಿರುತ್ತಾರೆ, ಬುದ್ಧಿಗೆ ಗೊತ್ತಾಗುವ ಮೊದಲೇ ಕೈ ಹೋಗಿರುತ್ತದೆ. ಈ ಆಟದಲ್ಲಿ ಕಾಲು ತಾಗದೆ ಇರುವ ನಿಮಿಷವೇ ಇಲ್ಲ. ಸೃಷ್ಟಿ ತನ್ನ ವಾರಿಗೆಯ ಹುಡುಗಿಯರನ್ನು ತುಳಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ನನಗೆ ಅವಳ ಬೂಟು ತಾಗಿದರೆ ಸಾಕು, ಆಟ ಎಲ್ಲೇ ಇರಲಿ, ಬಾಗಿ ನನ್ನ ಭುಜ ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಮುಂದೆ ಹೋಗುತ್ತಿದ್ದಳು. ಉಳಿದ ಹುಡುಗಿಯರು ನಗುತ್ತಿದ್ದರು. ನಾನೂ ನಗುತ್ತಿದ್ದೆ. "ಏ ಹುಚ್ಚಿ, ಇದೇನ ಗುಡಿ ಏನ?" ಅನ್ನುತ್ತಿದ್ದೆ. ಅಷ್ಟೇ. ಗದರಿಸಲಿಲ್ಲ, ಬಿಡಿಸಲಿಲ್ಲ. ನನಗೆ ಅದು ಇಷ್ಟವಾಗುತ್ತಿತ್ತು. ನನಗೆ ಮಕ್ಕಳಿಲ್ಲ, ತಂಗಿಯರಿಲ್ಲ, ಶಾಲೆಯ ಮಕ್ಕಳು ನನ್ನ ಸೀಟಿ ಕೇಳಿದರೆ ಓಡುತ್ತಾರೆ. ದಿನಕ್ಕೆ ಮೂರು ನಾಲ್ಕು ಸಲ ಒಂದು ಬಿಸಿ ಕೈ ನನ್ನ ಭುಜ ಮುಟ್ಟಿ ಹೋಗುತ್ತಿತ್ತು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಮಾರ್ಚಿನಲ್ಲಿ ಸುದ್ದಿ ಬಂತು. ಏಷ್ಯಾ ಮಟ್ಟದ ಪಂದ್ಯಗಳಿಗೆ ತಂಡ ಕಟ್ಟುವುದಕ್ಕೆ ಆಯ್ಕೆ ಈ ಸಲ ಧಾರವಾಡದಲ್ಲೇ ನಡೆಯುತ್ತದೆ, ಮತ್ತು ಮುಂದಿನ ನಾಲ್ಕು ವರ್ಷಕ್ಕೆ ಬೇಕಾದ ಒಂಬತ್ತನ್ನು ಈಗಲೇ ಗೊತ್ತು ಮಾಡುತ್ತಾರೆ. ಅವಳ ಜೊತೆಗೆ ಒಬ್ಬ ಬದಲಿ. ಒಟ್ಟು ಎರಡು ಜಾಗ. ಕರೆ ಬಂದದ್ದು ನಾಲ್ಕು ಜನರಿಗೆ. ನಾನು, ಸೃಷ್ಟಿ, ಒಡಿಶಾದ ಒಬ್ಬ ಹುಡುಗಿ, ಪುಣೆಯ ಇನ್ನೊಬ್ಬಳು.

ನಮ್ಮ ಕೋಚ್ ಯಜ್ಞೇಶ್ವರ ಸರ್ ಈ ಸುದ್ದಿ ಹೇಳಲು ತಾವೇ ಬೆಂಗೇರಿಯವರೆಗೆ ಸ್ಕೂಟರಿನಲ್ಲಿ ಬಂದರು. ಅವರು ಧಾರವಾಡದವರು, ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಪ್ರೊಫೆಸರ್ ಆಗಿದ್ದವರು. ಅವರ ತಂದೆ ಸಂಗೀತದ ಮೇಷ್ಟ್ರು. ಮನೆತುಂಬ ತಂಬೂರಿಗಳಿದ್ದ ಮನೆಯಲ್ಲಿ ಇವರೊಬ್ಬರು ಸೀಟಿ ಊದುತ್ತ ಬೆಳೆದವರು. ನನ್ನ ಮಂಡಿಯ ವಿಷಯ ಅವರೊಬ್ಬರಿಗೇ ಗೊತ್ತಿತ್ತು.

"ಈಗ ಹುಡುಗಿ ತಯಾರಾಗ್ಯಾಳ," ಎಂದರು. "ಇಪ್ಪತ್ತೊಂದು ವರ್ಷ. ಇದಕ್ಕಿಂತ ಛಲೋ ವಯಸ್ಸು ಯಾವದದ? ನೀ ನಿಂದು ರಾಜೀನಾಮೆ ಪತ್ರ ಬರದು ಕೊಡು. ನಾ ಸಮಿತಿಗೆ ಮುಟ್ಟಸ್ತೇನಿ."

"ಬರೀತೇನ್ರಿ ಸರ್."

ಆಯ್ಕೆ ಇದ್ದದ್ದು ಗುರುವಾರ. ಅದಕ್ಕಿಂತ ಮುಂಚಿನ ಆದಿತ್ಯವಾರ ನಾನು ಪತ್ರ ಬರೆದೆ. ಆರು ಸಾಲು. ಮಂಡಿಯ ಕಾರಣದಿಂದ ನಿವೃತ್ತಳಾಗುತ್ತಿದ್ದೇನೆ, ನನ್ನ ಜಾಗಕ್ಕೆ ಬೆಂಗೇರಿಯ ಸೃಷ್ಟಿಯನ್ನು ಪರಿಗಣಿಸಬೇಕೆಂದು ಕೋರುತ್ತೇನೆ ಅಂತ. ಸಹಿ ಹಾಕಿ, ಮಡಚಿ, ಕಿಟ್ ಚೀಲದ ಪಕ್ಕದ ಜೇಬಿನಲ್ಲಿಟ್ಟೆ. ಸೋಮವಾರ ಕೊಡಲಿಲ್ಲ. ಮಂಗಳವಾರವೂ ಕೊಡಲಿಲ್ಲ. ಬುಧವಾರ ಸಂಜೆ ಸರ್ ಫೋನ್ ಮಾಡಿದರು.

"ಪತ್ರ ಎಲ್ಲದ?"

"ಐತ್ರಿ ಸರ್, ಚೀಲದಾಗ ಐತಿ. ನಾಳೆ ಮ್ಯಾಚ್ ಮುಗದ ಮ್ಯಾಲೆ ಕೊಡ್ತೇನ್ರಿ."

"ಮುಗದ ಮ್ಯಾಲೆ ಯಾಕ?"

"ನಾ ಎದುರಿಗೆ ಆಡಿ, ಆಕಿ ನನ್ನ ಸೋಲಿಸಿ ತೊಗೊಂಡ್ರ ಅದು ಆಕೀದು ಆಗತೈತ್ರಿ. ನಾ ಸುಮ್ಮ ಬಿಟ್ಟುಕೊಟ್ಟೆ ಅಂದ್ರ ನಾಳೆ ಜನಾ ಆಡಕೋತಾರ."

"ಹುಲಿಗೆವ್ವಾ," ಎಂದರು ಸರ್, "ನಮ್ಮ ಅಪ್ಪ ಕಡೀ ಕಡೀಗೆ ಶಿಷ್ಯನ ಕಚೇರಿಗೆ ಹೋದ್ರ ಹಿಂದ ತಂಬೂರಿ ಹಿಡಕೊಂಡು ಕೂತುಬಿಡ್ತಿದ್ರು. ಹಾಡಂದ್ರೂ ಬಾಯಿ ತಗೀತಿದ್ದಿಲ್ಲ. ಆ ಕೂಡೂದು ಎಷ್ಟು ಕಷ್ಟ ಅಂತ ನನಗೊಮ್ಮೆ ಹೇಳಿದ್ರು. ನೀ ನಾಳೆ ಕೂಡು. ಆಡಬ್ಯಾಡ."

"ಒಂದ ಮ್ಯಾಚ್ ಸರ್," ಎಂದೆ.

ಸರ್‌ಗೆ ಹೇಳಿದ ಕಾರಣ ಸುಳ್ಳಲ್ಲ. ಆದರೆ ಅದು ಮೇಲಿನ ಪದರ. ಕೆಳಗಿದ್ದದ್ದು ಬರಿಯ ಆಸೆ. ಬೆನ್ನ ಮೇಲೆ ಒಂಬತ್ತು ಇಟ್ಟುಕೊಂಡು ಇನ್ನೊಂದೇ ಒಂದು ಸಲ ಮೈದಾನಕ್ಕೆ ಇಳಿಯಬೇಕು, ನೋಡುವವರು ಇನ್ನೂ ಇದ್ದಾಳಲ್ಲ ಇವಳು ಅನ್ನಬೇಕು. ಅಷ್ಟಕ್ಕೆ ಪತ್ರ ಚೀಲದಲ್ಲಿ ಉಳಿಯಿತು.

ಗುರುವಾರ ಎರಡು ಪಂದ್ಯ ಇಟ್ಟಿದ್ದರು. ಮೊದಲನೆಯದರಲ್ಲಿ ಕೆಂಪು ತಂಡಕ್ಕೆ ನಾನು ಒಂಬತ್ತು, ನೀಲಿ ತಂಡಕ್ಕೆ ಸೃಷ್ಟಿ. ಎರಡನೆಯದರಲ್ಲಿ ಉಳಿದಿಬ್ಬರು. ಸಮಿತಿಯವರು ಮೂರು ಜನ, ಶಾಮಿಯಾನದ ಕೆಳಗೆ ಕೂತಿದ್ದರು. ಅಧ್ಯಕ್ಷರು ಪುಣೆಯ ಕಡೆಯವರು, ಇನ್ನೊಬ್ಬರು ಕೋಲ್ಕತ್ತಾದವರು, ಮೂರನೆಯವಳು ಹಿಂದೆ ಆಡುತ್ತಿದ್ದ ಹೆಂಗಸು. ಗುರುಶಿದ್ದಪ್ಪ ಅವತ್ತು ಬಾಡಿಗೆ ಬಿಟ್ಟು ಟಂಟಂ ತೆಗೆದುಕೊಂಡು ಬಂದಿದ್ದ. ಹಿಂದಿನ ಡಬ್ಬಿಯಲ್ಲಿ ಹೆಂಡತಿ, ಇಬ್ಬರು ಅತ್ತಿಗೆಯರು, ಒಂದು ಬುಟ್ಟಿ ರೊಟ್ಟಿ. ಎಲ್ಲರೂ ಬೇವಿನ ಗಿಡದ ನೆರಳಿನಲ್ಲಿ ಸಾಲಾಗಿ ಕೂತರು.

ಸೃಷ್ಟಿ ನನ್ನ ಹತ್ತಿರ ಬಂದು ಕಾಲಿಗೆ ಬಿದ್ದಳು.

"ಇದೇ ಕಡೀದು," ಎಂದೆ. "ಗೆರಿ ದಾಟಿದ ಮ್ಯಾಲೆ ನಾ ನಿನಗ ಅಕ್ಕ ಅಲ್ಲ. ತಿಳೀತಿಲ್ಲೊ?"

"ಹೂಂನ್ರಿ ಅಕ್ಕಾ," ಎಂದಳು.

ಮೊದಲ ಅರ್ಧ ಗಂಟೆ ಅವಳು ಆಡಿದ್ದನ್ನು ನೋಡಿದ್ದರೆ ನೀವೂ ಆ ಹುಡುಗಿಯ ಮೇಲೆ ಪ್ರಾಣ ಇಡುತ್ತಿದ್ದಿರಿ. ನಾನು ಎದುರಾಳಿ, ಆದರೂ ನನ್ನ ಎದೆ ಉಬ್ಬುತ್ತಿತ್ತು. ಎಡಗೈ ಎಸೆತಗಳು ಗೋದಾಮಿನ ಗೋಡೆಯ ವೃತ್ತಕ್ಕೆ ಬಿದ್ದ ಹಾಗೆ ಒಂದೊಂದೂ ಗೆಳತಿಯರ ಕೈಗೆ ಬಿದ್ದವು. ನಾನು ಎರಡು ಸಲ ಅವಳನ್ನು ಹಿಡಿಯಲು ಹೋಗಿ ಬರಿಗೈಯಲ್ಲಿ ಉಳಿದೆ. ಶಾಮಿಯಾನದ ಕೆಳಗೆ ಆ ಹೆಂಗಸು ಪಕ್ಕದವರ ಕಡೆ ಬಾಗಿ ಏನೋ ಹೇಳಿ ತಲೆಯಾಡಿಸಿದಳು. ನೀಲಿ ತಂಡ ಮೂರು ಅಂಕ ಮುಂದಿತ್ತು. ನನ್ನ ಮಂಡಿ ಸುಡುತ್ತಿತ್ತು. ಇನ್ನು ಸಾಕು, ಆಯಿತು, ಅಂಗಿ ಅವಳಿಗೇ ಹೋಯಿತು ಅಂದುಕೊಂಡೆ. ನಿಜವಾಗಿ ಹಾಗೆ ಅಂದುಕೊಂಡೆ.

ಮುಗಿಯಲು ಆರೇಳು ನಿಮಿಷ ಇರುವಾಗ ನೀಲಿ ತಂಡದ ಗೆರೆಯ ಹತ್ತಿರವೇ ದೊಡ್ಡ ನೂಕಾಟವಾಯಿತು. ಹತ್ತು ಹದಿನೈದು ಜನ ಒಬ್ಬರ ಮೇಲೊಬ್ಬರು. ಅದರೊಳಗಿಂದ ಚೆಂಡು ತಾನಾಗಿ ಪುಟಿದು ಹೊರಗೆ ಉರುಳಿತು. ಯಾರ ಕೈಯಲ್ಲೂ ಇಲ್ಲ, ಮೊದಲು ಎತ್ತಿದವರದು. ನಾನು ಹಾರಿ ಬಿದ್ದೆ, ಸಿಗಲಿಲ್ಲ. ಹೊಟ್ಟೆಯ ಮೇಲೆ ಬಿದ್ದುಕೊಂಡು ತಲೆ ಎತ್ತಿದರೆ ಚೆಂಡು ನನ್ನ ಕೈಯಿಂದ ಒಂದು ಗೇಣು ಆಚೆ ಇದೆ, ಸೃಷ್ಟಿ ಬರುತ್ತಿದ್ದಾಳೆ. ಅವಳದೇ ಚೆಂಡು ಅದು. ಎತ್ತಿ ದೂರ ಎಸೆದಿದ್ದರೆ ಪಂದ್ಯ ಮುಗಿದಂತೆ. ಓಡಿ ಬಂದ ರಭಸಕ್ಕೆ ಅವಳ ಬೂಟು ನನ್ನ ಎಡಗೈ ಬೆರಳುಗಳ ಮೇಲೆ ಬಿತ್ತು.

ಅವಳು ಬಾಗಿದಳು. ಚೆಂಡಿಗಲ್ಲ. ನನ್ನ ಭುಜ ಮುಟ್ಟಿದಳು. ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಅವಳು ಕಣ್ಣು ಮುಚ್ಚಿದ ಅಷ್ಟು ಹೊತ್ತಿನಲ್ಲಿ ನಾನು ಎದ್ದೆ. ಯೋಚಿಸಲಿಲ್ಲ. ಅವಳ ಕೈ ಅವಳ ಬುದ್ಧಿಗಿಂತ ಮೊದಲು ನನ್ನ ಭುಜಕ್ಕೆ ಬಂದಿತ್ತು, ನನ್ನ ಕೈ ನನ್ನ ಬುದ್ಧಿಗಿಂತ ಮೊದಲು ಚೆಂಡಿಗೆ ಹೋಯಿತು. ಎತ್ತಿಕೊಂಡು ಮೂರು ಹೆಜ್ಜೆ ಓಡಿ ಗೆರೆಯಾಚೆ ನೆಲಕ್ಕೆ ಒತ್ತಿದೆ, ಹಾಗೆ ಒತ್ತಿದರೆ ಐದು ಅಂಕ. ಸೀಟಿ ಬಿತ್ತು. ಕೆಂಪು ತಂಡದವರು ಬಂದು ನನ್ನನ್ನು ಅಪ್ಪಿಕೊಂಡರು. ನನಗೆ ಖುಷಿಯಾಯಿತು. ಇದನ್ನು ಮುಚ್ಚಿಟ್ಟರೆ ಇಷ್ಟು ಬರೆದದ್ದೆಲ್ಲ ಸುಳ್ಳಾಗುತ್ತದೆ. ಮೈಯೆಲ್ಲ ಜುಂ ಎನ್ನುವಂತಹ ಖುಷಿ, ಇಪ್ಪತ್ತು ವರ್ಷದ ಹುಡುಗಿಗೆ ಆಗುವಂಥದ್ದು. ತಿರುಗಿ ನೋಡಿದಾಗ ಸೃಷ್ಟಿ ಅಲ್ಲೇ ನಿಂತಿದ್ದಳು. ಶಾಮಿಯಾನದ ಕೆಳಗೆ ಒಬ್ಬರು ನಗುತ್ತಿದ್ದರು, ಅಧ್ಯಕ್ಷರು ಕಾಗದದಲ್ಲಿ ಏನೋ ಬರೆಯುತ್ತಿದ್ದರು.

ಪಂದ್ಯ ಮುಗಿದ ಮೇಲೆ ಸೃಷ್ಟಿ ನನ್ನ ಹತ್ತಿರ ಓಡಿ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅಕ್ಕಾ, ಬೆರಳಿಗೆ ಭಾಳ ಹತ್ತೈತೇನ್ರಿ? ನನಗ ಗೊತ್ತಾಗಲಾರದ ಆತ್ರಿ."

ಅವಳ ಅವ್ವ ಬೇವಿನ ಗಿಡದ ಕೆಳಗಿಂದ ರೊಟ್ಟಿ, ಪುಂಡಿಪಲ್ಯ ತಂದು ನನ್ನ ಕೈಗೇ ಮೊದಲು ಕೊಟ್ಟಳು. ಗುರುಶಿದ್ದಪ್ಪ, "ಟೀಚರ್, ನೀವು ಗೆದ್ರೇನು, ಆಕಿ ಗೆದ್ರೇನು, ಎಲ್ಲಾ ನಮ್ಮ ಬೆಂಗೇರೀದ ಅಲ್ರಿ," ಎಂದ. ನಾನು ಆ ರೊಟ್ಟಿ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಅವತ್ತು ಮಧ್ಯಾಹ್ನವೇ ನಾನು ಪತ್ರ ಕೊಡಲು ಹೋದೆ. ಸಮಿತಿಯವರು ಎರಡನೆಯ ಪಂದ್ಯ ನೋಡುತ್ತಿದ್ದರು, ನಾಳೆ ಬನ್ನಿ ಅಂದರು. ಶುಕ್ರವಾರ ಬೆಳಿಗ್ಗೆ ಸರ್ ಜೊತೆ ಸಮಿತಿಯವರ ಕೋಣೆಗೆ ಹೋದೆ. ಮೂವರೂ ಚಹಾ ಕುಡಿಯುತ್ತಿದ್ದರು. ಅಧ್ಯಕ್ಷರು ಪತ್ರ ಓದಿದರು, ಮೇಜಿನ ಮೇಲಿಟ್ಟರು, ಮತ್ತೆ ಎತ್ತಿ ಓದಿದರು. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ನನಗೆ ಇವತ್ತು ಎಷ್ಟೋ ಹಗುರಾಗುತ್ತಿತ್ತು.

"ಇದರ ಮೇಲೆ ಆದಿತ್ಯವಾರದ ತಾರೀಖು ಇದೆಯಲ್ಲ," ಎಂದು ಹಿಂದಿಯಲ್ಲಿ ಕೇಳಿದರು.

ಹೌದೆಂದೆ.

"ಇದು ಬುಧವಾರ ನಮ್ಮ ಕೈಗೆ ಬಂದಿದ್ದರೆ ನಿನ್ನೆ ಆ ಹುಡುಗಿಯ ಎದುರಿಗೆ ಒಡಿಶಾದವಳನ್ನು ಆಡಿಸುತ್ತಿದ್ದೆವು."

ನಾನು ನನ್ನ ಮುರುಕು ಹಿಂದಿಯಲ್ಲಿ ಎಲ್ಲ ವಿವರಿಸಿದೆ. ನಮ್ಮ ಕಡೆ ಕಾಲು ತಾಗಿದರೆ ಹೀಗೆ ಮಾಡುತ್ತೇವೆ, ಅವಳು ಬೇರೆ ಯಾರಿಗೂ ಹಾಗೆ ಮಾಡುವುದಿಲ್ಲ, ನನಗೊಬ್ಬಳಿಗೇ ಮಾಡುವುದು, ನಾನಿನ್ನು ಆಡುವುದಿಲ್ಲವಲ್ಲ, ಮತ್ತೆಲ್ಲಿಯ ತೊಂದರೆ ಅಂತ. ಅವರು ಪೂರ್ತಿ ಕೇಳಿಸಿಕೊಂಡರು.

"ನಮ್ಮಲ್ಲೂ ಇದೆ ಈ ಪದ್ಧತಿ," ಎಂದರು. "ನಾನೂ ಮಾಡುತ್ತೇನೆ. ಆದರೆ ನಾವು ನೋಡಬೇಕಾದದ್ದು ಒಂದೇ. ಕಷ್ಟದ ಹೊತ್ತಿನಲ್ಲಿ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ಅಂತ. ಅವಳದು ಚೆಂಡಿಗೆ ಹೋಗಲಿಲ್ಲ. ನಿಮ್ಮದು ಹೋಯಿತು. ನೀವು ಒಪ್ಪಿದರೆ ಈ ವರ್ಷವೂ ನಿಮ್ಮನ್ನೇ ಇಟ್ಟುಕೊಂಡು, ಒಡಿಶಾದವಳನ್ನು ಬದಲಿಯಾಗಿ ತಯಾರು ಮಾಡಬೇಕೆಂದು ನಿನ್ನೆ ರಾತ್ರಿ ಬರೆದಾಗಿತ್ತು. ಈಗ ಅವಳು ಮೊದಲು, ಪುಣೆಯವಳು ಬದಲಿ."

"ಬದಲಿ ಜಾಗಾನಾದ್ರೂ..." ಎಂದು ಸರ್ ಬಾಯಿ ತೆಗೆದರು. ಅಧ್ಯಕ್ಷರು ತಲೆ ಅಲ್ಲಾಡಿಸಿದರು. ಪುಣೆಯವಳು ನಿನ್ನೆ ಒಂದೂ ತಪ್ಪು ಮಾಡಲಿಲ್ಲ, ಅವಳನ್ನು ಬಿಡಲು ಕಾರಣ ಏನು ಬರೆಯಲಿ ಎಂದರು.

ಆಗ ಆ ಹೆಂಗಸು ಚಹಾದ ಕಪ್ಪು ಕೆಳಗಿಟ್ಟು ನನ್ನನ್ನು ಕೇಳಿದಳು. "ನಾಲ್ಕು ವರ್ಷ ಕಲಿಸಿದಿರಿ. ಇದು ನಿಮ್ಮ ಕಣ್ಣಿಗೆ ಬಿದ್ದಿರಲಿಲ್ಲವೇ?"

"ಬಿದ್ದಿತ್ತು."

"ಬಿಡಿಸಲಿಲ್ಲವೇಕೆ?"

ಬಾಯಿ ಜೋರಿನ ಹುಲಿಗೆವ್ವ ಅಲ್ಲಿ ಬಾಯಿ ಮುಚ್ಚಿಕೊಂಡು ನಿಂತಳು. ಹೊರಗೆ ಬಂದ ಮೇಲೆ ಸರ್ ಸ್ಕೂಟರಿನ ಕೀಲಿ ಹುಡುಕುತ್ತ ಬಹಳ ಹೊತ್ತು ಜೇಬು ತಡಕಿದರು, ಕೀಲಿ ಸ್ಕೂಟರಿನಲ್ಲೇ ಇತ್ತು.

ಸೃಷ್ಟಿಗೆ ಸುದ್ದಿ ಶುಕ್ರವಾರ ಸಂಜೆಯೇ ಗೊತ್ತಾಯಿತು. ಪಟ್ಟಿ ಮಾತ್ರ ಗೊತ್ತಾಯಿತು, ಪತ್ರದ ವಿಷಯ ಗೊತ್ತಾಗಲಿಲ್ಲ. ಶನಿವಾರ ಅವಳ ಮನೆಗೆ ಹೋದೆ. ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಕಣ್ಣು ಊದಿದ್ದವು, ಹೊಗೆ ಎಂದಳು. ಗುರುಶಿದ್ದಪ್ಪ ಬಾಗಿಲಲ್ಲಿ ನಿಂತು ಕೇಳಿದ.

"ಮುಂದಿಂದು ಮತ್ತ ಯಾವಾಗ ಟೀಚರ್?"

"ನಾಲ್ಕು ವರ್ಷಕ್ಕರಿ."

"ನಾಲ್ಕು ವರ್ಷ," ಎಂದು ಅವನು ತನಗೆ ತಾನೇ ಹೇಳಿಕೊಂಡ. ಟಂಟಂ ಶುರು ಮಾಡಿಕೊಂಡು ಹೋದ.

ಸೃಷ್ಟಿ ಮಾತ್ರ ಆಗಲೂ ನನ್ನನ್ನೇ ಸಮಾಧಾನ ಮಾಡಿದಳು. "ನಂದ ತಪ್ಪರಿ ಅಕ್ಕಾ. ನೀವು ಮೊದಲ ಹೇಳಿದ್ರಿ, ಗೆರಿ ದಾಟಿದ ಮ್ಯಾಲೆ ಅಕ್ಕ ಅಲ್ಲಂತ. ನಾ ಮರತೆ." ಅಷ್ಟು ಹೇಳಿ ನನಗೆ ತಟ್ಟೆ ಇಟ್ಟಳು. ಆ ಕ್ಷಮೆಯನ್ನು ಹೊತ್ತುಕೊಂಡು ನಾನು ಮನೆಗೆ ಬಂದೆ. ಪತ್ರದ ವಿಷಯ ಸರ್ ಯಾರಿಗೂ ಹೇಳುವವರಲ್ಲ. ನಾನು ಸುಮ್ಮನಿದ್ದರೆ ಅವಳು ಜೀವನಪೂರ್ತಿ ತನ್ನ ತಪ್ಪು ಎಂದೇ ನಂಬಿರುತ್ತಿದ್ದಳು, ನನ್ನ ಭುಜಕ್ಕೆ ಆ ಬಿಸಿ ಕೈ ಬರುತ್ತಲೇ ಇರುತ್ತಿತ್ತು. ಅದನ್ನೂ ಯೋಚಿಸಿದೆ. ಯೋಚಿಸಲಿಲ್ಲ ಎಂದು ಹೇಳಲಾರೆ.

ಆದಿತ್ಯವಾರ ಬೆಳಿಗ್ಗೆ ಅವಳನ್ನು ಮೈದಾನಕ್ಕೆ ಕರೆದೆ. ಯಾರೂ ಇರಲಿಲ್ಲ. ಗೋದಾಮಿನ ಗೋಡೆಯ ಮೇಲೆ ಸುಣ್ಣದ ವೃತ್ತ ಅರ್ಧ ಅಳಿಸಿಹೋಗಿತ್ತು. ನನ್ನ ಎಡಗೈಯ ಎರಡು ಬೆರಳು ಇನ್ನೂ ಊದಿದ್ದವು, ಪಟ್ಟಿ ಸುತ್ತಿಕೊಂಡಿದ್ದೆ. ಅವಳು ಮೊದಲು ಅದನ್ನೇ ನೋಡಿದಳು.

"ಕಡಿಮಿ ಆಗಿಲ್ಲೇನ್ರಿ?"

"ಸೃಷ್ಟಿ, ಒಂದು ಹೇಳೂದೈತಿ," ಎಂದೆ. "ನನ್ನ ಮಂಡಿ ಹೋಗೇತಿ. ಜನವರ‍್ಯಾಗನ ಡಾಕ್ಟರ್ ಬ್ಯಾಡಂದಿದ್ರು. ನಾ ಬಿಡ್ತೇನಿ, ನಿನ್ನ ತೊಗೋರಿ ಅಂತ ಪತ್ರಾ ಬರದಿದ್ದೆ."

ಅವಳು ನನ್ನ ಮುಖ ನೋಡಿದಳು. "ಯಾವಾಗ ಬರದಿದ್ರಿ?"

"ಹ್ವಾದ ಆದಿತ್ಯವಾರ."

"ಮ್ಯಾಚಿನಕಿಂತ ಮೊದಲ?"

"ಹೂಂ."

"ಕೊಡಲಿಲ್ಲೇನ್ರಿ?"

"ಕೊಡಲಿಲ್ಲ. ಚೀಲದಾಗ ಇತ್ತು. ಇನ್ನೊಂದ ಮ್ಯಾಚ್ ಆಡಬೇಕನಿಸಿತು."

ಅವಳು ನನ್ನ ಪಕ್ಕದಲ್ಲಿದ್ದ ಕಿಟ್ ಚೀಲದ ಕಡೆ ನೋಡಿದಳು. ಆ ಗುರುವಾರ ಅದನ್ನು ಶಾಮಿಯಾನದವರೆಗೆ ಹೊತ್ತು ತಂದವಳು ಅವಳೇ. ನನ್ನ ಮಂಡಿಗೆ ಏನೋ ಆಗಿದೆ ಎಂದು ಅವಳಿಗೆ ಅನುಮಾನ ಇದ್ದಿರಬೇಕು, ಕೇಳದೆ ಹೆಗಲಿಗೆ ಹಾಕಿಕೊಂಡಿದ್ದಳು. ನಾನಿಲ್ಲದಿದ್ದರೆ ಎದುರಿಗೆ ಯಾರಿರುತ್ತಿದ್ದರು, ಅವಳು ಯಾರಿಗೆ ಬಾಗುತ್ತಿರಲಿಲ್ಲ, ಇದನ್ನೆಲ್ಲ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಒಂಬತ್ತು ಆಡುವವರಿಗೆ ಬೇಗ ತಿಳಿಯುತ್ತದೆ.

ನಾನು ಏನೇನೋ ಮಾತಾಡತೊಡಗಿದೆ. ನಾಲ್ಕು ವರ್ಷ ಅಂದರೆ ನಿನಗೆ ಇಪ್ಪತ್ತೈದೇ ಅಲ್ಲವೇ, ನಾನು ಸೇರಿದ್ದೇ ಇಪ್ಪತ್ತಾರಕ್ಕೆ, ದಿನಾ ಬಾ, ಆ ಒಂದು ಚಾಳಿ ಬಿಡಿಸಿದರೆ ನಿನ್ನನ್ನು ಹಿಡಿಯುವವರಿಲ್ಲ, ಇವತ್ತೇ ಶುರು ಮಾಡೋಣ ಅಂತ. ಹೇಳುತ್ತ ಹೇಳುತ್ತ ಚೆಂಡನ್ನು ನೆಲದ ಮೇಲಿಟ್ಟು, ಅದರ ಪಕ್ಕ ಹೊಟ್ಟೆಯ ಮೇಲೆ ಮಲಗಿಬಿಟ್ಟೆ. ಅವತ್ತು ಬಿದ್ದಿದ್ದ ಹಾಗೆಯೇ. ಎಡಗೈ ಮುಂದೆ ಚಾಚಿದೆ.

"ಬಾ," ಎಂದೆ. "ನನ್ನ ತುಳದು ಚೆಂಡು ತೊಗೊಂಡು ಹೋಗು. ಬಾಗಬ್ಯಾಡ."

ಅವಳ ಹೆಜ್ಜೆಯ ಸದ್ದು ಕೇಳಿಸಿತು. ಅವಸರವಿರಲಿಲ್ಲ. ಅವಳ ಬೂಟು ಪಟ್ಟಿ ಸುತ್ತಿದ ಬೆರಳುಗಳ ಮೇಲೆ ಬಂತು, ಪೂರ್ತಿ ಭಾರ ಹಾಕಿ ನಿಂತಿತು, ದಾಟಿತು. ಕಣ್ಣಲ್ಲಿ ನೀರು ಬಂತು. ಅವಳು ಚೆಂಡು ಎತ್ತಿ ಎಡಗೈಯಿಂದ ಎಸೆದಳು. ಅದು ವೃತ್ತದ ನಟ್ಟನಡುವೆ ಬಡಿಯಿತು. ನಾಲ್ಕು ವರ್ಷದಲ್ಲಿ ಅಷ್ಟು ಚೆನ್ನಾಗಿ ಅವಳು ಎಸೆದದ್ದು ನಾನು ನೋಡಿರಲಿಲ್ಲ. ಅಧ್ಯಕ್ಷರು ಕೇಳಿದ್ದು ಇದನ್ನೇ. ನಾಲ್ಕು ವರ್ಷ ನಾನು ಕಲಿಸದೆ ಬಿಟ್ಟದ್ದನ್ನು ಅವಳು ಒಂದೇ ಬೆಳಿಗ್ಗೆ ಕಲಿತುಬಿಟ್ಟಿದ್ದಳು.

ಗೋಡೆಗೆ ಬಡಿದ ಚೆಂಡು ಹುಲ್ಲಿನ ಮೇಲೆ ಉರುಳಿ ಬಂದು ನಿಂತಿತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಬೂಟು ಬಿಚ್ಚಿ ಲೇಸುಗಳನ್ನು ಒಂದಕ್ಕೊಂದು ಗಂಟು ಹಾಕಿದಳು, ನನ್ನ ಚೀಲದ ಮೇಲಿಟ್ಟಳು. ಅವು ನಾನೇ ಸಿಂಗಾಪುರದಿಂದ ತಂದುಕೊಟ್ಟವು. ಬರಿಗಾಲಲ್ಲಿ ಓಣಿಯ ಕಡೆ ನಡೆದಳು. ಅವತ್ತಿನಿಂದ ಅವಳು ಮೈದಾನಕ್ಕೆ ಬಂದಿಲ್ಲ. ದಾರಿಯಲ್ಲಿ ಸಿಕ್ಕರೆ ಟೀಚರ್ ಅನ್ನುತ್ತಾಳೆ.

ಆದರೆ ಅವತ್ತು ನನಗೆ ಅದು ಗೊತ್ತಿರಲಿಲ್ಲ. ನಾನು ಏಳಲಿಲ್ಲ. ಬೆರಳು ಸಿಡಿಯುತ್ತಿತ್ತು, ಹುಲ್ಲಿನ ಮೇಲೆ ಕೆನ್ನೆ ಇಟ್ಟುಕೊಂಡು, ಕಣ್ಣು ಮುಚ್ಚಿಕೊಂಡು ಹಾಗೇ ಬಿದ್ದಿದ್ದೆ. ಅವಳು ಅರ್ಧ ದಾರಿಯಿಂದಾದರೂ ವಾಪಸ್ಸು ಬಂದು ನನ್ನ ಭುಜ ಮುಟ್ಟುತ್ತಾಳೆ ಅಂತ, ಬಿಸಿಲೇರುವವರೆಗೂ ಕಾಯುತ್ತಿದ್ದೆ.